ಬೆತ್ಲೆಹೇಮಿನ ಹೊಲವೂ ನಮ್ಮ ಗದ್ದೆಯೂ



ಬೆತ್ಲೆಹೇಮ್ ಎಂದೊಡನೆ ನಮಗೆ ನೆನಪಾಗುವುದು ಗೋದಲಿ, ಕುರುಬರು ಮತ್ತು ನಕ್ಷತ್ರ. ಹಿಬ್ರೂ ಭಾಷೆಯಲ್ಲಿ ಆ ಹೆಸರಿಗೆ 'ರೊಟ್ಟಿಯ ಮನೆ' ಎಂದು ಅರ್ಥ. ಯೇಸುಸ್ವಾಮಿ ಹುಟ್ಟುವುದಕ್ಕೆ ನೂರಾರು ವರ್ಷ ಮೊದಲೇ ಆ ಊರಿನ ಜವೆಗೋದಿಯ ಹೊಲಕ್ಕೆ ಒಬ್ಬ ಹೆಣ್ಣುಮಗಳು ತೆನೆ ಆಯಲು ಬಂದಳು. ಅವಳೇ ರೂತಳು. ಮೋವಾಬ್ ನಾಡಿನವಳು, ವಿಧವೆ, ಅತ್ತೆಯನ್ನು ಸಾಕುವ ಹೊಣೆ ಹೊತ್ತವಳು.

ಹೊಲದ ಅಂಚನ್ನು ಪೂರ್ತಿ ಕೊಯ್ಯದೆ, ಉದುರಿದ್ದನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬುದು ಮೋಶೆಯ ಕಟ್ಟಳೆ. ಹೊಲದ ಒಡೆಯ ಬೋವಜನು ಅಷ್ಟಕ್ಕೇ ನಿಲ್ಲಲಿಲ್ಲ. ಅವಳಿಗೆ ಕುಡಿಯಲು ನೀರಿನ ವ್ಯವಸ್ಥೆ ಮಾಡಿದ, ಕೊಯ್ಲಿನವರ ಪಕ್ಕದಲ್ಲೇ ಊಟಕ್ಕೆ ಕೂರಿಸಿದ, ಸಿವುಡಿನಿಂದಲೂ ಕೆಲವು ತೆನೆಗಳನ್ನು ಬೇಕೆಂದೇ ಉದುರಿಸಿ ಬಿಡಿ ಎಂದು ಆಳುಗಳಿಗೆ ಹೇಳಿದ. ಆ ರೂತಳೇ ಮುಂದೆ ದಾವೀದ ಅರಸನ ಮುತ್ತಜ್ಜಿಯಾದಳು. ಮತ್ತಾಯನ ಶುಭಸಂದೇಶವು ಕೊಡುವ ಯೇಸುಸ್ವಾಮಿಯ ವಂಶಾವಳಿಯಲ್ಲಿ ಅವಳ ಹೆಸರಿದೆ. ಕ್ರಿಸ್ತ ಜಯಂತಿಯ ಹಿಂದೆ ವಲಸೆ ಬಂದ ಒಬ್ಬ ಬಡ ಹೆಂಗಸೂ ಅವಳನ್ನು ಕಂಡು ಮರುಗಿದ ಒಬ್ಬ ರೈತನೂ ಇದ್ದಾರೆ.

ಗೋವೆಯಲ್ಲಿ ಹಬ್ಬಕ್ಕೆ ನೆರೆಮನೆಗಳಿಗೆ ಸಿಹಿತಿಂಡಿಯ ತಟ್ಟೆ ಕಳಿಸುವುದಕ್ಕೆ 'ಕೊನ್ಸುವಾದ್' ಎನ್ನುತ್ತಾರೆ. ನೇವ್ರಿ, ದೋದೋಲ್, ಕುಲ್‌ಕುಲ್, ಬೆಬಿಂಕ ಎಲ್ಲವೂ ಅದರಲ್ಲಿರುತ್ತವೆ. ಹಿಂದೂ ನೆರೆಯವರಿಗೂ ತಟ್ಟೆ ಹೋಗುತ್ತದೆ, ಚೌತಿ, ದೀಪಾವಳಿಗೆ ಅವರಿಂದಲೂ ಬರುತ್ತದೆ. ಇದು ಬಹಳ ಒಳ್ಳೆಯ ಪದ್ಧತಿ. ಆದರೆ ತಿರುಗಿ ತಟ್ಟೆ ಕಳಿಸಲಾರದ ಮನೆಗೆ ಹೋಗುವವರು ಯಾರು? ಔತಣಕ್ಕೆ ಕರೆಯಬೇಕಾದದ್ದು ತಿರುಗಿ ಕರೆಯಲಾರದವರನ್ನು ಎಂದು ಯೇಸುಸ್ವಾಮಿ ಬೋಧಿಸಲಿಲ್ಲವೇ?

ಅಂಥ ಮನೆಗಳು ದೂರವಿಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಕಡೆಯ ಕುಟುಂಬಗಳು ಗೋವೆಯಲ್ಲಿ ಕಟ್ಟಡ ಕೆಲಸ, ಗದ್ದೆ ಕೆಲಸ ಮಾಡುತ್ತಾ ತಗಡಿನ ಶೆಡ್ಡುಗಳಲ್ಲೂ ಸಣ್ಣ ಬಾಡಿಗೆ ಕೋಣೆಗಳಲ್ಲೂ ಇವೆ. ಅವರೂ ನಮ್ಮಂತೆ ಮಣ್ಣಿನ ಮಕ್ಕಳು. ಮಳೆ ಕೈಕೊಟ್ಟು ಬಂದವರು ಅವರಲ್ಲಿ ಅನೇಕರು.

ಈ ದಾರಿಯಲ್ಲಿ ನಮಗಿಂತ ಮುಂಚೆ ನಡೆದವರು ಗೋವೆಯ ಸಂತ ಜೋಸೆಫ್ ವಾಜ್. 1651ರಲ್ಲಿ ಬಾಣಾವಲಿಯಲ್ಲಿ ಹುಟ್ಟಿದ ಅವರು 1681ರಲ್ಲಿ ಕೆನರಾಕ್ಕೆ ಬಂದು ಮೂರು ವರ್ಷ ನಮ್ಮ ಕರಾವಳಿಯಲ್ಲಿ ಸೇವೆ ಮಾಡಿದರು. ಮುಂದೆ ಸಿಲೋನಿಗೆ ಹೋದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ ಜನ ರೋಗಿಗಳನ್ನು ಬಿಟ್ಟು ಓಡಿದಾಗ, ಸೋದರಳಿಯ ಜೋಸೆಫ್ ಕಾರ್ವಾಲೊ ಗುರುಗಳ ಜೊತೆ ಅವರು ರೋಗಿಗಳಿಗೆ ಉಣಿಸಿದರು, ಶುಶ್ರೂಷೆ ಮಾಡಿದರು, ಸತ್ತವರನ್ನು ಮಣ್ಣು ಮಾಡಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು. ಅಂದು ಗೋವೆಯ ಮಗ ಕನ್ನಡ ನಾಡಿಗೆ ಬಂದ. ಇಂದು ಕನ್ನಡ ನಾಡಿನ ಮಕ್ಕಳು ಗೋವೆಯಲ್ಲಿದ್ದಾರೆ. ಋಣ ತೀರಿಸಲು ಇದಕ್ಕಿಂತ ಬೇರೆ ಹೊತ್ತು ಬೇಕೆ?

ಕೇಕಿನ ತುಂಡು ಕೊಟ್ಟು ಬಂದರೆ ಸಾಲದು. ವಾರಕ್ಕೊಂದು ಗಂಟೆ ಕೊಡೋಣ. ಮಾಡಬಹುದಾದ ಕೆಲಸಗಳು ಇವು:

1. ಪಡಿತರ: ಆದ್ಯತಾ ಅಥವಾ ಅಂತ್ಯೋದಯ ಕುಟುಂಬದ ಕರ್ನಾಟಕದ ಪಡಿತರ ಚೀಟಿಗೆ 'ಒಂದು ದೇಶ ಒಂದು ಪಡಿತರ ಚೀಟಿ' ಯೋಜನೆಯಡಿ ಗೋವೆಯ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಸಿಗುತ್ತದೆ. ಇದು ತಿಳಿಯದವರ ಜೊತೆ ನಾವೇ ಅಂಗಡಿಗೆ ಹೋಗೋಣ.

2. ಕೆಮ್ಮು: ಎರಡು ವಾರಕ್ಕೂ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಆಗಲೇಬೇಕು. ಕ್ಷಯದ ಔಷಧಿ ಸರಕಾರಿ ಆಸ್ಪತ್ರೆಯಲ್ಲಿ ಉಚಿತ, ಸಾಮಾನ್ಯವಾಗಿ ಆರು ತಿಂಗಳು ಬಿಡದೆ ನುಂಗಬೇಕು. 2024ರ ನವೆಂಬರಿನಿಂದ ರೋಗಿಯ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ನೆರವೂ ಇದೆ. ಅಪಾಯವಿರುವುದು ಬಿತ್ತನೆಗೆಂದು ಊರಿಗೆ ಹೊರಟಾಗ. ಮಾತ್ರೆ ಅಲ್ಲಿಗೇ ನಿಂತರೆ ರೋಗ ಮರುಕಳಿಸಿ, ಅದೇ ಔಷಧಿಗೆ ಬಗ್ಗದೆ ಹೋಗಬಹುದು. ಹೊರಡುವ ಮುನ್ನ ಆಸ್ಪತ್ರೆಗೆ ತಿಳಿಸಿದರೆ ಚಿಕಿತ್ಸೆಯನ್ನು ಊರಿನ ಕೇಂದ್ರಕ್ಕೆ ವರ್ಗಾಯಿಸುತ್ತಾರೆ. ಇದನ್ನು ನೆನಪಿಸುವ ಒಬ್ಬ ನೆರೆಯವನಿದ್ದರೆ ಒಂದು ಜೀವ ಉಳಿದೀತು.

3. ಭೇದಿ: ಮಕ್ಕಳಿಗೆ ಭೇದಿಯಾದರೆ ಓ.ಆರ್.ಎಸ್. ಪೊಟ್ಟಣ ಕೊಡಬೇಕು. ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಕರಗಿಸಿ ಆಗಾಗ ಕುಡಿಸಲು ತಾಯಂದಿರಿಗೆ ಮಾಡಿ ತೋರಿಸೋಣ. ಮಗು ಕುಡಿಯದಿದ್ದರೆ, ಮಂಕಾದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

4. ಒಂದು ಸಾಲು: ಭತ್ತದ ಕೊಯ್ಲಾದ ಗದ್ದೆಯ ಉಳಿದ ತೇವದಲ್ಲಿ ಅಲಸಂದೆ ಬೆಳೆಯುವುದು ನಮಗೆ ಗೊತ್ತೇ ಇದೆ. ಅದರಲ್ಲಿ ಒಂದು ಸಾಲನ್ನು, ಬಾವಿಯ ಬಳಿ ಒಂದು ಮಡಿ ಹರಿವೆಯನ್ನು ಇವರಿಗೆಂದೇ ಬಿಡೋಣ. ಹರಿವೆ ಸುಮಾರು ಒಂದು ತಿಂಗಳಲ್ಲಿ ಕೈಗೆ ಬರುತ್ತದೆ. ಅಲಸಂದೆ ಕಾಯಿ ಕಟ್ಟುವ ಹೊತ್ತಿಗೆ ಗೋದಲಿ ಬಿಚ್ಚಿ, ಹಬ್ಬದ ದಾನವೆಲ್ಲ ನಿಂತುಹೋಗಿರುತ್ತದೆ. ಆಗಲೇ ಅದರ ಅಗತ್ಯ ಹೆಚ್ಚು.

ಕೊನೆಗೆ ಒಂದು ಮಾತು. ಹೋದಲ್ಲಿ ಜಾತಿ ಧರ್ಮ ಕೇಳುವುದು ಬೇಡ, ಫೋಟೋ ತೆಗೆಯುವುದೂ ಬೇಡ. ಅವರು ಚಹಾ ಕೊಟ್ಟರೆ ಕೂತು ಕುಡಿಯೋಣ. ರೂತಳಿಗೆ ನಾಚಿಕೆಯಾಗದಂತೆ ನೋಡಿಕೊಳ್ಳಿರಿ ಎಂದು ಬೋವಜನು ಆಳುಗಳನ್ನು ಎಚ್ಚರಿಸಿದ್ದ.

ಛತ್ರದಲ್ಲಿ ಸ್ಥಳ ಸಿಗದವರ ಮಗನಾಗಿ ಹುಟ್ಟಿದ ಯೇಸುಸ್ವಾಮಿ ನಿಮ್ಮ ಮನೆ, ಕೊಟ್ಟಿಗೆ, ಗದ್ದೆಗಳನ್ನು ಆಶೀರ್ವದಿಸಲಿ. ಎಲ್ಲರಿಗೂ ಕ್ರಿಸ್ತ ಜಯಂತಿಯ ಶುಭಾಶಯಗಳು.