ಕಡಲೆಕಾಯಿ ಸುಲಿಯುತ್ತಾ ಕೇಳುವ ವಿದ್ಯೆ

ಜವನಗೊಂಡನಹಳ್ಳಿಯ ಒಂದು ಮನೆ ಅಂದುಕೊಳ್ಳಿ. ಹುಡುಗ ಶಾಲೆಯಿಂದ ಬಂದವನೇ ಚೀಲ ಮೂಲೆಗೆಸೆದು ಮುಸುಕೆಳೆದು ಮಲಗಿದ. ಅಪ್ಪ, "ಪರೀಕ್ಷೆ ಹತ್ತಿರ ಬಂತು, ಏಳೋ" ಅಂದರು. ಅಮ್ಮ, ಯಾರ ದೃಷ್ಟಿ ತಗುಲಿತೋ ಎಂದು ಉಪ್ಪು-ಮೆಣಸಿನಕಾಯಿ ನಿವಾಳಿಸಿದರು. ಅಜ್ಜಿ ಮಾತ್ರ ಮೊರ ತಂದು ಪಕ್ಕದಲ್ಲಿ ಕೂತು ಕಡಲೆಕಾಯಿ ಸುಲಿಯತೊಡಗಿದಳು. ಅರ್ಧ ಮೊರ ಮುಗಿದ ಮೇಲೆ ಮುಸುಕಿನೊಳಗಿಂದ ದನಿ ಬಂತು: "ಅಜ್ಜೀ, ನಾಳೆ ನಾನು ಶಾಲೆಗೆ ಹೋಗಲ್ಲ."

ಅಜ್ಜಿ "ಯಾಕೆ?" ಅನ್ನಲಿಲ್ಲ. "ಅಲ್ಲೇನೋ ಮನಸ್ಸಿಗೆ ನೋವಾಗಿದೆ ಅನ್ನು" ಎಂದಳು, ಅಷ್ಟೇ.

ಮಕ್ಕಳೇ, ಆಪ್ತಸಲಹೆಯನ್ನು ಕಲಿಯಲು ಹೋದವರಿಗೆ ಮೊದಲು ಹೇಳಿಕೊಡುವುದು ಇದನ್ನೇ. "ಯಾಕೆ" ಎಂಬ ಪ್ರಶ್ನೆ ಪೊಲೀಸರ ವಿಚಾರಣೆಯಂತೆ ಕೇಳಿಸುತ್ತದೆ. ಕೇಳಿಸಿಕೊಂಡವರು ತಮ್ಮನ್ನು ಸಮರ್ಥಿಸಿಕೊಳ್ಳಲು ಹೊರಡುತ್ತಾರೆ. ಅವರ ಮಾತಿನ ಹಿಂದಿರುವ ಭಾವನೆಯನ್ನು ಹಿಡಿದು ಕನ್ನಡಿಯಂತೆ ತೋರಿಸಿದರೆ ಮಿಕ್ಕಿದ್ದು ತಾನಾಗಿ ಹೊರಬರುತ್ತದೆ. ನನ್ನನ್ನು ಕೇಳಿದರೆ "ಆಪ್ತಸಲಹೆ" ಎಂಬ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಅಲ್ಲಿ ಸಲಹೆ ಕಡಿಮೆ, ಆಪ್ತತೆ ಹೆಚ್ಚು.

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1942ರಲ್ಲಿ ಈ ವಿದ್ಯೆಯ ಬಗ್ಗೆ ದೊಡ್ಡ ಪುಸ್ತಕ ಬರೆದರು. ಎದುರಿಗೆ ಕೂತವರ ಕಣ್ಣಿನಿಂದ ನೋಡುವುದು, ತಪ್ಪು-ಒಪ್ಪು ತೂಗದೆ ಗೌರವಿಸುವುದು, ತಾನು ನಾಟಕವಾಡದಿರುವುದು, ಈ ಮೂರೂ ಬಹಳ ಮುಖ್ಯವೆಂದು ಮುಂದೆ ಅವರು ವಾದಿಸಿದರು. ಇವಕ್ಕೆ ಪದವಿ ಬೇಡ, ಅಭ್ಯಾಸ ಬೇಕು. ಮನೋಚಿಕಿತ್ಸೆ ಹಾಗಲ್ಲ. ಕಾಯಿಲೆಯ ಮಟ್ಟಕ್ಕೆ ಹೋದ ಸಂಕಟಕ್ಕೆ ವರ್ಷಗಟ್ಟಲೆ ಓದಿದವರೇ ಬೇಕು.

ಹಾಗೆ ಓದಿದವರು ಹಳ್ಳಿಯಲ್ಲಿ ಎಲ್ಲಿ ಸಿಗುತ್ತಾರೆ? ಜವನಗೊಂಡನಹಳ್ಳಿಯಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೆದ್ದಾರಿಯಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು. ಬಸ್ ಚಾರ್ಜು, ಜೊತೆಗೊಬ್ಬರು, ಒಂದು ದಿನದ ಕೂಲಿ ನಷ್ಟ. ನಿಮ್ಹಾನ್ಸ್ ವೈದ್ಯರಿಗೇ ಇದು ಕಾಡಿತ್ತು. 1970ರ ದಶಕದಲ್ಲಿ ಅವರು ಬೆಂಗಳೂರು ಹೊರವಲಯದ ಸಕಲವಾರ ಹಳ್ಳಿಗೆ ಹೋಗಿ ಕೆಲಸ ಶುರುಮಾಡಿದರು. 1980ರ ದಶಕದಲ್ಲಿ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆಮನೆ ಸುತ್ತುವ ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸಲು ಕಲಿಸಿದರು. 1996ರಲ್ಲಿ ಕೇಂದ್ರ ಸರ್ಕಾರ ಇದನ್ನೇ ಮಾದರಿ ಮಾಡಿಕೊಂಡು ಬೇರೆ ಜಿಲ್ಲೆಗಳಿಗೆ ಒಯ್ದಿತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲೇ ಸಾಲು ಸಾಲು ಪುಸ್ತಕ ಬರೆದು, ಸಾಮಾನ್ಯ ಜನರಿಗೂ ಆಪ್ತಸಲಹೆಯ ತರಬೇತಿ ಕೊಟ್ಟರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಅಜ್ಜಿಯರೇ, ಇನ್ನೊಂದು ಸುದ್ದಿ ನಿಮಗಾಗಿ. ಆಫ್ರಿಕದ ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರ ಬಳಿ ಬರಬೇಕಿದ್ದ ಯುವತಿಯೊಬ್ಬಳು ಬಸ್ಸಿಗೆ ದುಡ್ಡಿಲ್ಲದೆ ಬರಲಾಗದೆ ಜೀವ ಕಳೆದುಕೊಂಡಳು. ಆ ನೋವಿನಲ್ಲಿ ಅವರು 2006ರಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟರು. ಆಮೇಲೆ ಆಸ್ಪತ್ರೆಗಳ ಅಂಗಳದಲ್ಲಿ ಮರದ ಬೆಂಚು ಹಾಕಿಸಿ ಅಜ್ಜಿಯರನ್ನು ಕೂರಿಸಿದರು. ಅಲ್ಲಿಯವರು ಖಿನ್ನತೆಗೆ "ಅತಿಯಾಗಿ ಯೋಚಿಸುವುದು" ಎನ್ನುತ್ತಾರಂತೆ. ನಮ್ಮೂರಲ್ಲೂ "ಯೋಚನೆ ಜಾಸ್ತಿಯಾಗಿದೆ" ಅನ್ನುವುದಿಲ್ಲವೇ! 573 ಜನರ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಬೆಂಚಿನ ಮೇಲೆ ಮಾತಾಡಿದವರ ಸಂಕಟ, ಮಾಮೂಲಿ ಚಿಕಿತ್ಸೆ ಪಡೆದವರದಕ್ಕಿಂತ ಆರು ತಿಂಗಳಲ್ಲಿ ಬಹಳ ಕಡಿಮೆಯಾಗಿತ್ತು.

ಕೇಳಿದ ಗುಟ್ಟನ್ನು ಬೀದಿಗೆ ತರಬಾರದು. ಆದರೆ ಯಾರಾದರೂ ಸಾಯುವ ಮಾತಾಡಿದರೆ, ಮಗುವಿಗೆ ಯಾರೋ ಹಿಂಸೆ ಕೊಡುತ್ತಿದ್ದಾರೆಂದು ತಿಳಿದರೆ ಆ ಗುಟ್ಟು ಇಟ್ಟುಕೊಳ್ಳುವಂಥದ್ದಲ್ಲ. ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098. ಎರಡೂ ಉಚಿತ, ಹಗಲು-ರಾತ್ರಿ ಸಿಗುತ್ತವೆ.

ಇವತ್ತು ಸಂಜೆ ಒಂದು ಆಟ ಆಡಿ. ಮೊಮ್ಮಗು ಐದು ನಿಮಿಷ ಮಾತಾಡಲಿ, ಅಜ್ಜ ಸುಮ್ಮನೆ ಕೇಳಲಿ. ಆಮೇಲೆ ಅಜ್ಜ ಕೇಳಿದ್ದನ್ನು ತನ್ನ ಮಾತಿನಲ್ಲಿ ಹೇಳಲಿ. ಮೊಮ್ಮಗು "ಹೌದು" ಅಂದರೆ ಪಾಸು, "ಅಲ್ಲ" ಅಂದರೆ ಮತ್ತೆ ಮೊದಲಿನಿಂದ. ನಾನೂ ಅಜ್ಜನೇ. ಮೊದಲ ಸಲ ಎರಡನೇ ನಿಮಿಷಕ್ಕೇ, "ನಮ್ಮ ಕಾಲದಲ್ಲಿ..." ಎಂದು ಬಾಯಿ ಹಾಕಿ ಫೇಲಾದೆ.