ಸಗಣಿ ತೂಗಿದ ವಿಜ್ಞಾನಿಗಳು

ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಳೆಯ ಬೆಂಗಳೂರಿಗರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಆ ಕಾಂಪೌಂಡಿನೊಳಗೆ 1974ರಲ್ಲಿ ಒಂದು ಪುಟ್ಟ ಕೋಶ ಶುರುವಾಯಿತು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವುದು ಅದರ ಕೆಲಸ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದಾಗ ‘ಅಸ್ತ್ರ’ ಎಂದಾಯಿತು. ಕಟ್ಟಿದವರು ಅಮೂಲ್ಯ ಕೆ. ಎನ್. ರೆಡ್ಡಿ. ಅಲ್ಲಿಯವರೆಗೆ ಅವರ ಕ್ಷೇತ್ರ ವಿದ್ಯುತ್ ರಸಾಯನಶಾಸ್ತ್ರ. ಅಂಥವರು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ತೆರೆದು, ಸುತ್ತಲಿನ ಹಳ್ಳಿಗಳಲ್ಲಿ ಸೌದೆ ಹೊರೆಗಳ ಲೆಕ್ಕ ಬರೆಯಲು ಕೂತರು.

ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೊಂದು ಊರಿಗೂ ವಿಧಾನಸೌಧಕ್ಕೂ ಹೇಗೆ ಉಪಯೋಗಕ್ಕೆ ಬರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಯಂತ್ರ ಮಾಡುವುದು ಆಮೇಲಿನ ಮಾತು. ಯಾರೂ ಎಣಿಸದೆ ಬಿಟ್ಟದ್ದನ್ನು ಎಣಿಸುವುದು ಮೊದಲನೆಯದು.

ಆಗ ಹಳ್ಳಿಯ ಇಂಧನ ಎಂದರೆ ಸರ್ಕಾರದ ಕಡತದಲ್ಲಿ ವಿದ್ಯುತ್ತು, ಸೀಮೆಎಣ್ಣೆ, ಡೀಸೆಲ್ಲು ಅಷ್ಟೆ. ದುಡ್ಡು ಕೊಟ್ಟು ಕೊಂಡದ್ದಕ್ಕೆ ರಸೀದಿ ಇರುತ್ತದೆ, ರಸೀದಿ ಇದ್ದದ್ದು ಲೆಕ್ಕಕ್ಕೆ ಬರುತ್ತದೆ. ಬೇಲಿಯಲ್ಲಿ ಆಯ್ದ ಪುಳ್ಳೆಗೆ ರಸೀದಿ ಎಲ್ಲಿಂದ ಬರಬೇಕು? ಅಸ್ತ್ರದವರು ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೇಳಿದರು: ಸೌದೆ ತರುವವರು ಯಾರು, ನೀರು ಹೊರುವವರು ಯಾರು, ದನ ಮೇಯಿಸಲು, ಅಡುಗೆ ಮಾಡಲು, ಹೊಲದ ಕೆಲಸಕ್ಕೆ ಎಷ್ಟೆಷ್ಟು ಹೊತ್ತು ಬೇಕು. ಆ ಹಳ್ಳಿಗಳಲ್ಲೊಂದು ಪುರ. 1977ರಲ್ಲಿ ಅಲ್ಲಿದ್ದದ್ದು 56 ಮನೆ, 357 ಜನ. ಇಂಥ ಕೆಲಸಗಳಿಗೆ ಊರಿನವರು ಸುರಿಯುತ್ತಿದ್ದ ಒಟ್ಟು ಹೊತ್ತಿನಲ್ಲಿ ಶೇಕಡ 53 ಹೆಂಗಸರದು, 31 ಗಂಡಸರದು, 16 ಮಕ್ಕಳದು. ಹೆಂಗಸರಿಗೆ ಇದು ಹೊಸ ಸುದ್ದಿಯೇನಲ್ಲ. ಆದರೆ ಅಂಕಿ ಕಾಗದದ ಮೇಲೆ ಬರುವವರೆಗೆ ಯೋಜನೆ ಮಾಡುವವರ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಈ ಕೆಲಸಕ್ಕೆ ವಿಶ್ವವಿದ್ಯಾಲಯವೇ ಏಕೆ ಬೇಕಿತ್ತು? ಮಾರಾಟಗಾರನಿಗೆ ಇಷ್ಟು ತಾಳ್ಮೆ ಇರುವುದಿಲ್ಲ. ಇಲಾಖೆಗೆ ಮಾರ್ಚ್ 31ರೊಳಗೆ ದುಡ್ಡು ಖರ್ಚಾಗಬೇಕು. ವರ್ಷಗಟ್ಟಲೆ ಎಣಿಸುತ್ತಾ ಕೂರಲು, ಮಾಡಿದ್ದು ಕೆಟ್ಟರೆ ‘ಕೆಟ್ಟಿತು’ ಎಂದು ಬರೆದಿಡಲು ಬಿಡುವಿರುವುದು ಅಲ್ಲಿ ಮಾತ್ರ.

ಪುರದಲ್ಲಿ ಕೆಟ್ಟದ್ದೂ ಉಂಟು. ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಘಟಕ ಕಟ್ಟಿ ಅಡುಗೆಗೆ ಅನಿಲ ಕೊಡುವುದು ಮೊದಲಿನ ಆಲೋಚನೆ. ನೋಡಿದರೆ ಊರಿನ ದನಗಳ ಸಗಣಿ ಎಲ್ಲ ಮನೆಯ ಅಡುಗೆಗೆ ಸಾಲುವಂತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಸೌದೆ ತರುವುದು ಎಷ್ಟೇ ಕಷ್ಟವಾದರೂ ಅದಕ್ಕೆ ಕಾಸು ಬೀಳುತ್ತಿರಲಿಲ್ಲ. ಊರಿನವರು ಮೊದಲು ಕೇಳಿದ್ದು ಗ್ಯಾಸನ್ನಲ್ಲ, ಕುಡಿಯಲು ಒಳ್ಳೆಯ ನೀರನ್ನು.

1987ರಲ್ಲಿ ಅದೇ ಘಟಕ ಬೇರೆ ಕೆಲಸಕ್ಕೆ ತಿರುಗಿತು. ಅನಿಲಕ್ಕೆ ಒಂದಿಷ್ಟು ಡೀಸೆಲ್ ಸೇರಿಸಿ ಎಂಜಿನ್ ಓಡಿಸುವುದು, ಅದರಿಂದ ಕರೆಂಟು, ಕರೆಂಟಿನಿಂದ ಬೋರ್‌ವೆಲ್ ಪಂಪು. ನೀರು ನಲ್ಲಿಗೆ ಬಂತು. ಆಮೇಲೆ ಮನೆಗಳಿಗೆ 20 ವಾಟಿನ ಟ್ಯೂಬ್‌ಲೈಟು. ಸರ್ಕಾರದ ಕರೆಂಟಿದ್ದ ಕೆಲವು ಮನೆಗಳೂ ಈ ದೀಪ ಹಾಕಿಸಿಕೊಂಡವು. ವೋಲ್ಟೇಜ್ ಬಿದ್ದ ಬಲ್ಬಿನ ಕೆಳಗೆ ಪರೀಕ್ಷೆಗೆ ಓದಿದವರಿಗೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ.

ಎಂಜಿನ್ನಿಗಿಂತ ನನಗೆ ಸೊಗಸಾಗಿ ಕಾಣುವುದು ತಕ್ಕಡಿ. ಬೆಳಿಗ್ಗೆ ಪ್ರತಿ ಮನೆಯಿಂದಲೂ ಸಗಣಿ ಬರಬೇಕು, ತೂಗಿ ಪುಸ್ತಕದಲ್ಲಿ ಬರೆಯಬೇಕು, ಕಿಲೋಗೆ ಎರಡು ಪೈಸೆ ಕೊಡಬೇಕು. ಸಗಣಿ ಹೊತ್ತು ತರುವವರು ಹೆಚ್ಚಾಗಿ ಹೆಂಗಸರು, ಹೀಗಾಗಿ ಆ ಪುಡಿಗಾಸು ಅವರ ಕೈ ಸೇರುತ್ತಿತ್ತು. ಅನಿಲ ತೆಗೆದ ಮೇಲೆ ಉಳಿದ ಬಗ್ಗಡ ಕೊಟ್ಟವರ ತಿಪ್ಪೆಗೇ ಗೊಬ್ಬರವಾಗಿ ವಾಪಸು. ಘಟಕ ನಡೆಸಿದ್ದು ಊರಿನ ಹುಡುಗರೇ, ಮೇಲ್ವಿಚಾರಣೆ ಊರಿನ ಸಭೆಯದು. ನಾಲ್ಕು ಜನ ಸಗಣಿ ತರದೆ ಕೂತರೆ ಊರಿಗೆಲ್ಲ ನೀರು ನಿಲ್ಲುತ್ತದೆ, ತಮ್ಮ ನಲ್ಲಿಯೂ ಒಣಗುತ್ತದೆ. ಎಲ್ಲರಿಗೂ ಸೇರಿದ್ದನ್ನು ಯಾರೂ ಕಾಯುವುದಿಲ್ಲ ಎಂಬ ಮಾತುಂಟಲ್ಲ, ರೆಡ್ಡಿಯವರು ಪುರವನ್ನು ತೋರಿಸಿ ಅದಕ್ಕೆ ಉಲ್ಟಾ ವಾದ ಹೂಡಿದರು.

ಹಳ್ಳಿಯಿಂದ ಸರ್ಕಾರಕ್ಕೆ ದಾರಿ ಬೇರೆಯೇ ಬೇಕು. ಅದಕ್ಕೆಂದು 1975ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅದೇ ಕಾಂಪೌಂಡಿನಲ್ಲಿ ಬಂತು. ಹೊಗೆ ಕೊಳವೆಯ ಅಸ್ತ್ರ ಒಲೆ ಜಿಲ್ಲೆ ಜಿಲ್ಲೆಗೆ ಹೋದದ್ದು ಇಂಥ ದಾರಿಯಲ್ಲಿ. ಒಂದರಿಂದ ಸಾವಿರಕ್ಕೆ ಹೋಗುವಾಗ ಪೆಟ್ಟು ಬೀಳುವುದೂ ಇಲ್ಲೇ. ಒಲೆಯ ಬಾಯಿ, ಗೂಡಿನ ಆಳ, ಕೊಳವೆಯ ಅಗಲ, ಎಲ್ಲಕ್ಕೂ ಅಳತೆ ಇರುತ್ತದೆ. ಕಟ್ಟುವವರ ಕೈಯಲ್ಲಿ ಎರಡು ಬೆರಳು ಹೆಚ್ಚುಕಮ್ಮಿ ಆದರೆ ಸೌದೆಯ ಉಳಿತಾಯವೂ ಅಲ್ಲಿಗೇ ಹೋಯಿತು.

ಸರ್ಕಾರದ ಮುಂದೆ ಬೇರೆಯೇ ಲೆಕ್ಕ ಇಡುವುದೂ ಇಂಥ ಕೇಂದ್ರದ ಕೆಲಸ. 1987ರಲ್ಲಿ ರಾಜ್ಯದ ದೀರ್ಘಾವಧಿ ವಿದ್ಯುತ್ ಯೋಜನಾ ಸಮಿತಿಯೊಂದು 2000ನೇ ಇಸವಿಗೆ ಸುಮಾರು 9,400 ಮೆಗಾವಾಟ್ ಬೇಕೆಂದಿತು. ರೆಡ್ಡಿ ಮತ್ತು ಸಂಗಡಿಗರು ಲೆಕ್ಕವನ್ನು ಇನ್ನೊಂದು ತುದಿಯಿಂದ ಹಿಡಿದರು. ಜನಕ್ಕೆ ಬೇಕಾದದ್ದು ಯೂನಿಟ್ಟಲ್ಲ. ಬೆಳಕು, ಬಿಸಿನೀರು, ಬಾವಿಯಿಂದ ಮೇಲೆ ಬರುವ ನೀರು. ಬಚ್ಚಲಿಗೆ ಸೋಲಾರ್ ಹೀಟರ್ ಬಂದರೆ, ಪಂಪ್‌ಸೆಟ್ ಸುಧಾರಿಸಿದರೆ, ಬಲ್ಬು ಬದಲಾದರೆ ಎಷ್ಟು ಸಾಕು? 1991ರಲ್ಲಿ ಅವರು ಪ್ರಕಟಿಸಿದ ಉತ್ತರ ಸುಮಾರು 4,000 ಮೆಗಾವಾಟ್. ಒಪ್ಪುವುದು ಬಿಡುವುದು ಆಳುವವರಿಗೆ ಸೇರಿದ್ದು. ಆದರೆ ಎರಡನೆಯ ಅಂಕಿಯೊಂದು ಮೇಜಿನ ಮೇಲೆ ಇದ್ದಾಗ ಮೊದಲನೆಯದನ್ನು ಯಾರೂ ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ.

ಒಂದು ಕೊರತೆ ಹೇಳಲೇಬೇಕು. ಪ್ರಾಧ್ಯಾಪಕನಿಗೆ ಬಡ್ತಿ ಬರುವುದು ಪ್ರಬಂಧದಿಂದ, ಒಲೆಯಿಂದಲ್ಲ. ಹಳ್ಳಿಯಲ್ಲಿ ಕಳೆದ ವರ್ಷಗಳನ್ನು ಯಾವ ಕಾಲಮ್ಮಿನಲ್ಲಿ ತುಂಬುವುದೆಂದು ಬಹಳ ಕಡೆ ಈಗಲೂ ಗೊತ್ತಿಲ್ಲ.

ಅಸ್ತ್ರ ಈಗ ಸುಸ್ಥಿರ ತಂತ್ರಜ್ಞಾನ ಕೇಂದ್ರವಾಗಿದೆ. ಕೆ. ಎಸ್. ಜಗದೀಶ್ ಮತ್ತು ಬಿ. ವಿ. ವೆಂಕಟರಾಮ ರೆಡ್ಡಿ ಅಲ್ಲಿ ಬೆಳೆಸಿದ, ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯಿಂದ ಎಷ್ಟೋ ಮನೆಗಳಾಗಿವೆ. ಸುಡುವ ಗೂಡು ಬೇಡ, ಒತ್ತುವ ಯಂತ್ರ ಸಾಕು. ಆ ಯಂತ್ರ ಕೊಳ್ಳಬೇಕೆಂದಿರುವ ಪಂಚಾಯಿತಿಯವರು ಮೊದಲು ಒಂದು ಗಾಜಿನ ಬಾಟಲಿಗೆ ಊರಿನ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಒಂದು ದಿನ ಬಿಡಲಿ. ಮರಳು ಮೊದಲು ತಳ ಸೇರುತ್ತದೆ, ಜೇಡಿ ಕೊನೆಗೆ. ಎರಡೂ ಪದರ ಎಷ್ಟೆಷ್ಟು ದಪ್ಪ ಎಂದು ಅಳೆದು ಬರೆದುಕೊಂಡು, ಅದೇ ಮಣ್ಣಿನ ಒಂದು ಚೀಲವನ್ನೂ ಹೊತ್ತುಕೊಂಡು ಕೇಂದ್ರಕ್ಕೆ ಹೋದರೆ ಮಾತು ಬೇಗ ಮುಂದಕ್ಕೆ ಸಾಗುತ್ತದೆ.