ಚೌಕ ಕಿಂಡಿಯ ದುಂಡು ಮೂಲೆ

ಯಡ್ತರೆಯಿಂದ ದಕ್ಷಿಣಕ್ಕೆ ಹೊರಟರೆ ಪಂಚಗಂಗಾವಳಿಯು ಕಡಲನ್ನು ಸೇರುವ ಗಂಗೊಳ್ಳಿಯ ಬಂದರು ಸಿಕ್ಕುವುದು. ಅಲ್ಲಿಯ ಯಾಂತ್ರಿಕ ಮೀನುದೋಣಿಗಳಲ್ಲಿ ದೀಪ, ವೈರ್‌ಲೆಸ್, ಮೀನಿನ ಗುಂಪನ್ನು ತೋರುವ ಯಂತ್ರ ಇವೆಲ್ಲಕ್ಕೂ ಬ್ಯಾಟರಿಯ ವಿದ್ಯುತ್ತು ಹಂಚಿಹೋಗುವುದು ಒಂದು ಸ್ವಿಚ್ಚು ಫಲಕದ ಮೂಲಕ. ಹೊಸ ಉಪಕರಣ ಬಂದಾಗ ಹೊಸ ಸ್ವಿಚ್ಚಿಗಾಗಿ ಆ ಫಲಕದಲ್ಲಿ ಚೌಕ ಕಿಂಡಿಯನ್ನು ಕತ್ತರಿಸಬೇಕಾಗುವುದು. ಕಿಂಡಿ ಕತ್ತರಿಸುವುದರಲ್ಲಿ ವಿಜ್ಞಾನವೇನಿದೆ ಎಂದು ವಾಚಕರು ಕೇಳಬಹುದು.

ಹೊಳೆಯ ನಡುವೆ ಕಂಬವೊಂದನ್ನು ನೆಟ್ಟರೆ ನೀರು ಅದರ ಎರಡು ಮಗ್ಗುಲಲ್ಲಿ ಒತ್ತೊತ್ತಾಗಿ ಹರಿಯುವುದಷ್ಟೆ. ಎಳೆತಕ್ಕೆ ಸಿಕ್ಕಿದ ಹಾಳೆಯಲ್ಲಿ ರಂಧ್ರವಿದ್ದರೆ ಬಲವೂ ಹಾಗೆಯೇ ಅದರ ಅಂಚಿನಲ್ಲಿ ದಟ್ಟೈಸುವುದು. ಅಗಲವಾದ ಹಾಳೆಯ ಸಣ್ಣ ದುಂಡು ರಂಧ್ರದ ಅಂಚಿನಲ್ಲಿ ಈ ಬಿಗಿತವು ಉಳಿದೆಡೆಗಿಂತ 3 ಪಟ್ಟು. ಎಳೆತಕ್ಕೆ ಅಡ್ಡಲಾಗಿರುವ ದೀರ್ಘವೃತ್ತದ ಉದ್ದವು ಅಗಲದ 10 ಪಟ್ಟಿದ್ದರೆ, ಅದರ ತುದಿಯಲ್ಲಿ 21 ಪಟ್ಟು! ಇದನ್ನು 1913ರಲ್ಲಿ ಇಂಗ್ಲಿಸ್ ಎಂಬ ಆಂಗ್ಲ ಎಂಜಿನಿಯರನು ಗಣಿತದಿಂದ ತೋರಿಸಿದನು. ಮೂಲೆ ಮೊನಚಾದಷ್ಟೂ ಬಿಗಿತ ಹೆಚ್ಚು. ಎರಡನೆಯ ಮಹಾಯುದ್ಧದ ಕಾಲದ ಕೆಲವು ಲಿಬರ್ಟಿ ಹಡಗುಗಳಲ್ಲಿ ಬಿರುಕು ಮೊದಲಾದುದು ಅಟ್ಟದ ಕಿಂಡಿಗಳ ಚೌಕ ಮೂಲೆಗಳಲ್ಲಿಯೇ. ಚಳಿಗೆ ಪೆಡಸಾಗುವ ಉಕ್ಕು ಅದನ್ನು ಮುಂದಕ್ಕೆ ಹರಿಯಗೊಟ್ಟಿತು.

ದೋಣಿಯ ಫಲಕಕ್ಕೆ ಎಂಜಿನ್ನಿನ ನಡುಕವು ಗಂಟೆಗಟ್ಟಲೆ ತಟ್ಟುತ್ತಿರುತ್ತದೆ. ಗರಗಸವು ಮೂಲೆಯಲ್ಲಿ ಕೂದಲೆಳೆಯಷ್ಟು ಮುಂದಕ್ಕೆ ಹೋಗಿದ್ದರೂ ಸಾಕು, ಅಲ್ಲಿ ಬಿರುಕು ಹುಟ್ಟಿ ಬೆಳೆಯುವುದು, ಸ್ವಿಚ್ಚು ಸಡಿಲವಾಗುವುದು, ಉಪ್ಪುನೀರು ಒಳಹೊಕ್ಕು ಲೋಹವನ್ನು ತಿನ್ನುವುದು.

ಆದುದರಿಂದ ಕ್ರಮ ಹೀಗಿರಬೇಕು. ಮೊದಲು ಬ್ಯಾಟರಿಯ ತಂತಿಗಳನ್ನು ಕಳಚಬೇಕು. 12 ವೋಲ್ಟು ಕೈಗೆ ಅಪಾಯಕರವಲ್ಲ, ನಿಜ. ಆದರೆ ಬ್ಯಾಟರಿಯ ಒಳರೋಧ ಅತ್ಯಲ್ಪವಾದುದರಿಂದ, ಎರಡು ತುದಿಗಳು ತಾಗಿದರೆ ನೂರಾರು ಆಂಪಿಯರು ಹರಿದು ತಂತಿ ಕೆಂಪಗೆ ಕಾಯುವುದು. ಬಳಿಕ ಫಲಕವನ್ನು ಬಿಚ್ಚಿ ಹೊರತೆಗೆಯಬೇಕು. ಇಲ್ಲವಾದರೆ ಲೋಹದ ಪುಡಿ ಒಳಗಿನ ತಂತಿಗಳ ಮೇಲೆ ಬಿದ್ದೀತು. ಕಿಂಡಿಯ ಗೆರೆಯನ್ನೆಳೆದು, ಅದರೊಳಗೆ ನಾಲ್ಕು ಮೂಲೆಗಳಲ್ಲಿಯೂ ದುಂಡು ತೂತುಗಳನ್ನು ಕೊರೆದು, ಒಂದರಿಂದ ಇನ್ನೊಂದಕ್ಕೆ ಸಣ್ಣ ಹಲ್ಲಿನ ಗರಗಸದಿಂದ ಮೆಲ್ಲನೆ ಕತ್ತರಿಸಬೇಕು. ಅವಸರಪಟ್ಟರೆ ಘರ್ಷಣೆಯ ಶಾಖಕ್ಕೆ ಪ್ಲಾಸ್ಟಿಕ್ಕು ಮೆತ್ತಗಾಗಿ ಹಲ್ಲುಗಳಿಗೆ ಅಂಟಿಕೊಳ್ಳುವುದು. ಕೊನೆಗೆ ಅಂಚನ್ನು ಅರದಿಂದ ನಯಗೊಳಿಸಬೇಕು. ಆದರೆ ಮೂಲೆಯ ದುಂಡನ್ನು ಕೆರೆದು ಮೊನಚು ಮಾಡಬಾರದು. ಸ್ವಿಚ್ಚಿನ ಚೌಕಟ್ಟು ಅದನ್ನು ಮರೆಮಾಡುವುದು. ಹೊಸ ಉಪಕರಣಕ್ಕೆ ಬೇರೆಯೇ ಫ್ಯೂಸನ್ನೂ ಅಳವಡಿಸಬೇಕು.

ನಡುರಾತ್ರಿ ನಡುಗಡಲಿನಲ್ಲಿ ದೀಪ ಆರಿದ ದೋಣಿಯು ಎದುರು ಬರುವ ಹಡಗಿಗೆ ಕಾಣದು. ದಡದಲ್ಲಿ ಮೂಲೆಯೊಂದಕ್ಕೆ ಕೊಟ್ಟ ಗಮನವು ಅಲ್ಲಿ ಕೆಲವರ ಪ್ರಾಣವನ್ನು ಕಾಯಬಲ್ಲುದು.